ಉಮಮ್ಮನ ಪುಡಿ

ನಮ್ಮ ಮನೆಯಲ್ಲಿ ಅಡುಗೆ ಕೆಟ್ಟರೆ ಅದು ನನ್ನ ಕೈಯಿಂದ ಕೆಡುತ್ತದೆ, ಚೆನ್ನಾಗಿ ಆದರೆ ಬೇರೆ ಯಾವುದರಿಂದಲೋ ಆಗುತ್ತದೆ. ಬದನೆಕಾಯಿ ಎಳೆಯದಿತ್ತು, ಜೋಳ ಹೊಸದಿತ್ತು, ನೀರು ಸಿಹಿಯಿತ್ತು. ಹರಪನಹಳ್ಳಿಗೆ ಸೊಸೆಯಾಗಿ ಬಂದ ಲಾಗಾಯ್ತಿನಿಂದ ಇದೇ ಕಾನೂನು. ಹಾಗಾಗಿ ಕಳೆದ ವರ್ಷ ನನ್ನ ಅಡುಗೆಯ ಹೆಸರೆಲ್ಲ ಹುಟ್ಟೇ ಇರದ ಒಬ್ಬ ಹೆಂಗಸಿಗೆ ಹೋದಾಗ ನಾನು ಆಶ್ಚರ್ಯಪಡಬೇಕಿರಲಿಲ್ಲ. ಆಶ್ಚರ್ಯವೇನೂ ಆಗಲಿಲ್ಲ, ಸಿಟ್ಟು ಬಂತು. ಅದು ಇನ್ನೂ ಪೂರ್ತಿ ಇಳಿದಿಲ್ಲ.

ಎಲ್ಲ ಶುರುವಾದದ್ದು ಅತ್ತೆಯ ಕಾಲು ಬಾತುಕೊಂಡಿದ್ದರಿಂದ. ದಾವಣಗೆರೆಯ ಡಾಕ್ಟರು ಬಿಪಿ ನೋಡಿ, ಉಪ್ಪು ಅರ್ಧಕ್ಕರ್ಧ ಇಳಿಸಿ, ಉಪ್ಪಿನಕಾಯಿ ಹಪ್ಪಳ ಬಂದ್ ಮಾಡಿ ಎಂದರು. ಅವರಿಗೇನು, ಹೇಳಿ ಕೈ ತೊಳೆದುಕೊಂಡರು. ತಾಟು ಬಡಿಸುವವಳು ನಾನು. ಮೊದಲ ದಿನವೇ ಅತ್ತೆ ಬೇಳೆಸಾರು ಬಾಯಿಗಿಟ್ಟು, ತಾಟು ದೂರ ಸರಿಸಿ, ಮಗನ ಕಡೆ ತಿರುಗಿದರು.

"ಉಪ್ಪಿಗಿಂತ ರುಚಿ ಇಲ್ಲ, ತಾಯಿಗಿಂತ ದೇವ್ರಿಲ್ಲ ಅಂತಾರ. ನಿನಗ ಎರಡೂ ಬ್ಯಾಡಾಗ್ಯಾವ ನೋಡು."

ನಮ್ಮವರು ಮೆಕ್ಕೆಜೋಳದ ವ್ಯಾಪಾರಿ. ಮನೆಯಲ್ಲಿ ಮಾತು ಬಿಸಿಯಾದ ತಕ್ಷಣ ಅವರಿಗೆ ಎಲ್ಲಿಂದಲೋ ಒಂದು ಲಾರಿ ಬರುತ್ತದೆ. ಅವತ್ತೂ ಬಂತು. "ಲಾರಿ ಬಂದೈತಿ, ನೀ ಸ್ವಲ್ಪ ನೋಡ್ಕ್ಯ" ಎಂದು ನನಗೆ ಹೇಳಿ ಚಪ್ಪಲಿ ಮೆಟ್ಟಿದರು. ನಾನು ನೋಡಿಕೊಂಡೆ. ಹುಣಸೆಹುಳಿ ಹೆಚ್ಚು ಹಾಕಿದೆ, ಬೆಳ್ಳುಳ್ಳಿ ಹುರಿದು ಹಾಕಿದೆ, ಗುರೆಳ್ಳು ಪುಡಿ ಉದುರಿಸಿದೆ. ಯಾವುದೂ ಅತ್ತೆಯ ನಾಲಿಗೆಗೆ ಹತ್ತಲಿಲ್ಲ. ಎರಡು ರೊಟ್ಟಿ ಉಣ್ಣುತ್ತಿದ್ದವರು ಒಂದಕ್ಕೆ ಬಂದರು, ಆಮೇಲೆ ಅರ್ಧಕ್ಕೆ, ಕೊನೆಗೆ ನುಚ್ಚು ಮಜ್ಜಿಗೆಯೇ ಸಾಕು ಎಂದರು. ಕುಪ್ಪಸದ ತೋಳು ಜೋಲಾಡತೊಡಗಿತು. ಬೇಕೆಂದೇ ಹಟ ಮಾಡುತ್ತಿದ್ದಾರೆ ಎಂದು ಮೊದಲು ಬೈದುಕೊಂಡೆ. ಒಂದು ದಿನ ಬಚ್ಚಲಿನಿಂದ ಬರುವಾಗ ಗೋಡೆ ಹಿಡಿದು ನಿಂತದ್ದನ್ನು ನೋಡಿದ ಮೇಲೆ ಹೆದರಿಕೆಯಾಯಿತು. ಈ ಮುದುಕಿ ನನ್ನ ಅಡುಗೆಮನೆಯ ಮುಂದೆಯೇ ಉಪವಾಸ ಬಿದ್ದು ಸಾಯುತ್ತಾರೆ ಅನ್ನಿಸಿತು.

ಮಗಳು ದಾವಣಗೆರೆಯಲ್ಲಿ ಆಹಾರ ವಿಜ್ಞಾನ ಓದುತ್ತಾಳೆ. ಶನಿವಾರ ಬಸ್ಸಿಗೆ ಬರುತ್ತಾಳೆ, ಬಂದವಳೇ ನನಗೆ ಅಡುಗೆ ಕಲಿಸುತ್ತಾಳೆ. ಆ ಸಲ ಬರುವಾಗ ಒಂದು ಡಬ್ಬಿ ತಂದಿದ್ದಳು. ಒಳಗೆ ಕಂದು ಬಣ್ಣದ ಪುಡಿ.

"ಒಣಗಿಸಿದ ಅಣಬೆ ಪುಡಿ ಅಮ್ಮ. ಸಿಹಿ, ಹುಳಿ, ಉಪ್ಪು, ಕಹಿ ಬಿಟ್ಟು ಐದನೇ ರುಚಿ ಅಂತ ಐತಿ, ಉಮಾಮಿ. ಇದನ್ನ ಹಾಕಿದ್ರ ಉಪ್ಪು ಕಮ್ಮಿ ಇದ್ರೂ ಗೊತ್ತಾಗಲ್ಲ."

ನಮ್ಮಲ್ಲಿ ಆಗಲೇ ಆರು ರುಚಿಗಳಿವೆ, ಇವಳು ಐದನೆಯದನ್ನು ಹುಡುಕಿ ತಂದಿದ್ದಾಳೆ. ಲೆಕ್ಕ ಹಾಗಿರಲಿ, ಅಣಬೆ ಎಂಬ ಮಾತಿಗೇ ನನ್ನ ಜೀವ ಝಲ್ಲೆಂದಿತು. ನಮ್ಮ ಹಿಂದಿನ ಓಣಿಯಲ್ಲಿ ಕುರಿ ಸಾಕುವವರ ಮನೆಯಲ್ಲಿ ಮಳೆ ಬಿದ್ದ ಮೇಲೆ ಹುತ್ತದ ಅಣಬೆ ತಂದು ಸಾರು ಮಾಡುತ್ತಾರೆ, ಆ ಘಮ ಬಂದರೆ ಸಾಕು, ಅತ್ತೆ ಹಿತ್ತಿಲ ಬಾಗಿಲು ಹಾಕುತ್ತಾರೆ. ಗುರುಪೀಠದ ಊರು ಉಜ್ಜಿನಿ ಕಡೆಯ ಹೆಣ್ಣುಮಗಳು. ಕೊರಳಲ್ಲಿನ ಲಿಂಗಕ್ಕೆ ತೋರಿಸದೆ ತುತ್ತು ಎತ್ತುವವರಲ್ಲ. ಅಣಬೆ ಅಂದರೆ ಅವರಿಗೆ ಕಾಲಿಲ್ಲದ ಮಾಂಸ.

"ಅಜ್ಜಿಗೆ ಯಾಕ ಹೇಳ್ಬೇಕು?" ಎಂದಳು ಮಗಳು. "ಹೇಳಬ್ಯಾಡ" ಎಂದರು ನಮ್ಮವರು. ಅಪ್ಪ ಮಗಳು ಎಂದೂ ಇಲ್ಲದ ಒಗ್ಗಟ್ಟಿನಿಂದ ನನ್ನ ಬಾಯಿಗೆ ಬೀಗ ಹಾಕಿದರು. ಮುದುಕಿ ಬದುಕಬೇಕೋ ಬೇಡವೋ ಎಂದು ಕೇಳಿದರೆ ನಾನು ಏನೆನ್ನಲಿ? ಕುದಿಯುವ ಬೇಳೆಸಾರಿಗೆ ಅರ್ಧ ಚಮಚ ಹಾಕಿದೆ.

ಸುಳ್ಳು ಯಾಕೆ, ಸಾರು ಬೇರೆಯೇ ಆಗಿತ್ತು. ಕಟ್ಟು ದಪ್ಪವಾದಂತೆ, ಬಹಳ ಹೊತ್ತು ಸಣ್ಣ ಉರಿಯಲ್ಲಿ ಕುದಿಸಿದಂತೆ ಒಂದು ತುಂಬು ರುಚಿ. ಅತ್ತೆ ಒಂದು ತುತ್ತು ಉಂಡರು, ಇನ್ನೊಂದು ಉಂಡರು, ಆಮೇಲೆ ತಲೆಯೆತ್ತಿ ಏನು ಹಾಕೀರಿ ಎಂದರು. ನಾನು ಬಾಯಿ ತೆರೆಯುವ ಮೊದಲೇ ಮಗಳು ನುಗ್ಗಿದಳು.

"ಉಮಾಮಿ ಪುಡಿ ಅಜ್ಜಿ."

"ಉಮಮ್ಮನ ಪುಡಿ? ಯಾ ಉಮಮ್ಮ? ದಾವಣಗೆರಿಯಾಕೇನು?"

"ಹೂಂ" ಎಂದುಬಿಟ್ಟಳು ಆ ಪುಣ್ಯಾತ್ಮಳು. ದಾವಣಗೆರೆಯಲ್ಲಿ ಮನೆಯಲ್ಲೇ ಚಟ್ನಿಪುಡಿ ಮಾಡಿ ಮಾರುವ ಹೆಣ್ಣುಮಕ್ಕಳು ಬೇಕಾದಷ್ಟಿದ್ದಾರೆ, ಅತ್ತೆಗೆ ಅನುಮಾನ ಬರಲು ಕಾರಣವೇ ಇರಲಿಲ್ಲ. ಉಮೆ ಎಂದರೆ ಶಿವನ ಹೆಂಡತಿ, ಅವಳ ಹೆಸರಿಟ್ಟುಕೊಂಡವಳ ಕೈಯಲ್ಲಿ ಎಂಥ ಮೈಲಿಗೆ ಇದ್ದೀತು?

ಅವತ್ತಿನಿಂದ ಉಮಮ್ಮ ನಮ್ಮ ಮನೆ ಸೇರಿದಳು. ಹೆಸರುಕಾಳಿನ ಪಲ್ಯಕ್ಕೆ, ಹುರುಳಿ ಸಾರಿಗೆ, ಎಣ್ಣೆಗಾಯಿಯ ಮಸಾಲೆಗೆ ಚಿಟಿಕೆ ಚಿಟಿಕೆಯಾಗಿ ಇಳಿದಳು. ಮಜ್ಜಿಗೆ ಸಾರಿಗೆ ಮಾತ್ರ ಅವಳು ಆಗಿಬರಲಿಲ್ಲ. ಕೈ ಹೆಚ್ಚಾದರೆ ಸಾರು ಮಣ್ಣಿನಂತಾಗುತ್ತಿತ್ತು, ಕಡಿಮೆಯಾದರೆ ಅತ್ತೆ "ಇವತ್ತ ಉಮಮ್ಮ ಇಲ್ಲ" ಎನ್ನುತ್ತಿದ್ದರು. ಈ ಹದ ಹಿಡಿಯಲು ನಾನು ಒಲೆ ಮುಂದೆ ಪಟ್ಟ ಪಾಡು ಒಬ್ಬರಿಗೂ ಕಾಣಲಿಲ್ಲ. ಅತ್ತೆಯ ರೊಟ್ಟಿ ಮತ್ತೆ ಎರಡಕ್ಕೆ ಬಂತು, ಕಾಲಿನ ಬಾವು ಇಳಿಯಿತು, ಡಾಕ್ಟರು ಶಭಾಷ್ ಎಂದರು. ಓಣಿಯಲ್ಲಿ ಮಾತ್ರ ಶಭಾಷ್‌ಗಿರಿ ಉಮಮ್ಮನಿಗೆ. ಕಟ್ಟೆಯ ಮೇಲೆ ಕೂತು ಅತ್ತೆ ಬಂದವರಿಗೆಲ್ಲ ಹೇಳುವುದು: "ನಮ್ಮ ಸೊಸಿ ಏನೋ ಬೇಸಿ ಇಡ್ತಾಳ, ರುಚಿ ಎಲ್ಲಾ ಆ ಉಮಮ್ಮನದ. ಎಂಥ ಕೈಗುಣದಾಕಿ!"

ನಮ್ಮವರಾದರೂ ಬಾಯಿ ಮುಚ್ಚಿಕೊಂಡಿದ್ದರೆ ಆಗುತ್ತಿತ್ತು. ತಾಯಿ ಕೇಳಿದಾಗಲೆಲ್ಲ ಒಂದೊಂದು ಸೇರಿಸಿದರು. ಉಮಮ್ಮನಿಗೆ ಗಂಡನಿದ್ದಾನೆ, ಆಟೋ ಓಡಿಸುತ್ತಾನೆ, ಇಬ್ಬರು ಹೆಣ್ಣುಮಕ್ಕಳು, ಮನೆ ಹಳೇ ಪೇಟೆಯಲ್ಲಿ. ಅಡುಗೆಮನೆಗೆ ಕರೆದು "ಆಕಿಗೆ ಒಂದು ಬಾಣಂತನಾನೂ ಮಾಡಿಬಿಡ್ರಿ" ಎಂದೆ. ನಕ್ಕರು. ಲಾರಿ ಬಂತು.

ನನಗೆ ನಗು ಬರುತ್ತಿರಲಿಲ್ಲ. ಅತ್ತೆ ದಿನಾ ಸ್ನಾನ ಮಾಡಿ, ವಿಭೂತಿ ಹಚ್ಚಿ, ತಾಟಿನಲ್ಲಿದ್ದದ್ದನ್ನು ಲಿಂಗಕ್ಕೆ ತೋರಿಸಿ ಕಣ್ಣು ಮುಚ್ಚುವಾಗ ನಾನು ಕಣ್ಣು ಬೇರೆ ಕಡೆ ಹಾಯಿಸುತ್ತಿದ್ದೆ. ಹೇಳಿದರೆ ಊಟ ಬಿಡುತ್ತಾರೆ, ಹೇಳದಿದ್ದರೆ ಅವರ ನೇಮವನ್ನು ಅವರಿಗೇ ಗೊತ್ತಿಲ್ಲದಂತೆ ನಾನು ಮುರಿಯುತ್ತಿದ್ದೇನೆ. ಅತ್ತ ದರಿ ಇತ್ತ ಪುಲಿ. ಆ ದರಿಯ ಅಂಚಿಗೆ ನನ್ನನ್ನು ನಿಲ್ಲಿಸಿದವರಲ್ಲಿ ಒಬ್ಬಳು ಹಾಸ್ಟೆಲಿನಲ್ಲಿ, ಇನ್ನೊಬ್ಬರು ಮಾರ್ಕೆಟ್ಟಿನಲ್ಲಿ ಆರಾಮ.

ಶ್ರಾವಣ ಬಂತು. ಎರಡನೇ ಸೋಮವಾರ ಅತ್ತೆ ನನ್ನನ್ನು ಕೋಣೆಗೆ ಕರೆದರು. ಮಂಚದ ಮೇಲೆ ತೆಂಗಿನಕಾಯಿ, ಕುಪ್ಪಸದ ಖಣ, ಅಕ್ಕಿ, ಅರಿಸಿನ ಕುಂಕುಮ ಜೋಡಿಸಿದ್ದರು. ಪಕ್ಕದಲ್ಲಿ ಒಂದು ಇಳಕಲ್ ಸೀರೆ. ಹಸಿರು ಮೈ, ಕೆಂಪು ಸೆರಗು. ನಾನು ಬಂದಾಗಿನಿಂದ ಅವರ ಟ್ರಂಕಿನಲ್ಲಿದ್ದದ್ದು, ಒಮ್ಮೆಯೂ ಮಡಿಕೆ ಬಿಚ್ಚದ್ದು, ಎಂದಾದರೂ ನನಗೆ ಕೊಟ್ಟಾರು ಎಂದು ನಾನು ಹೇಳದೆ ಆಸೆಪಟ್ಟದ್ದು.

"ಉಮಮ್ಮನ್ನ ಕರಸ್ರಿ. ಉಡಿ ತುಂಬಿ ಕಳಸೂಣ. ಹೋದ ಜೀವ ತಂದು ಕೊಟ್ಟಾಳ ನನಗ. ನಾ ತುಂಬಾಕ ಬರಾಂಗಿಲ್ಲ, ನೀ ಮುತ್ತೈದಿ, ನಿನ್ನ ಕೈಲೆ ತುಂಬು."

ನನ್ನ ಕೈಯಿಂದ. ಇಲ್ಲದ ಹೆಂಗಸಿಗೆ. ಆ ಸೀರೆ. ತಲೆಯ ಮೇಲೆ ಕುದಿನೀರು ಸುರಿದಂತಾಯಿತು. ನಾಳೆ ನೋಡೋಣ, ಊರಿಗೆ ಹೋಗಿದ್ದಾಳೆ, ಮೈ ಹುಷಾರಿಲ್ಲ, ಇಂಥ ಮಾತು ಹತ್ತು ಇದ್ದವು. ಒಂದೂ ಬಾಯಿಗೆ ಬರಲಿಲ್ಲ.

"ಯಾ ಉಮಮ್ಮನೂ ಇಲ್ಲ ಅತ್ತಿ. ಅದು ಅಣಬಿ ಪುಡಿ. ಅಡಿಗಿ ಮಾಡಿದಾಕಿ ನಾನು."

ಅತ್ತೆ ಲಿಂಗದ ಮೇಲೆ ಕೈಯಿಟ್ಟುಕೊಂಡರು. ಬೈಯುತ್ತಾರೆ, ಎದೆ ಬಡಿದುಕೊಳ್ಳುತ್ತಾರೆ, ಬಾಯಿಗೆ ಬೆರಳಿಟ್ಟು ಕಾರಿಕೊಳ್ಳುತ್ತಾರೆ ಎಂದು ಕಾದೆ. ಏನೂ ಮಾಡಲಿಲ್ಲ. ಸಣ್ಣ ದನಿಯಲ್ಲಿ ಕೇಳಿದರು.

"ಯಾಕ ಹೇಳಿದಿ?"

"ಮತ್ತೇನ್ ಮಾಡ್ಲಿ? ಕರಸು ಅಂದ್ರೆಲ್ಲ! ಇಲ್ಲದಾಕಿನ್ನ ಎಲ್ಲಿಂದ ತರ್ಲಿ?" ನನ್ನ ದನಿ ಅಂಗಳದವರೆಗೆ ಹೋಗಿತ್ತು.

"ಯಾರನ್ನರ ಒಬ್ಬಾಕಿನ್ನ ಕರಕೊಂಡು ಬಂದಿದ್ರ ಆಗ್ತಿದ್ದಿಲ್ಲೇನು? ಈಕೀನ ಉಮಮ್ಮ ಅಂದಿದ್ರ ನಾ ಹೂಂ ಅಂತಿದ್ದೆ. ಗೊತ್ತಿಲ್ದ ಉಂಡಿದ್ದನ್ನ ಶಿವ ಕೇಳಾಂಗಿಲ್ಲ. ಈಗ ಗೊತ್ತಾತು." ಅವರ ಕಣ್ಣಲ್ಲಿ ನೀರು ತುಂಬಿತು. ಸಿಟ್ಟಿನ ನೀರಲ್ಲ ಅದು. "ಎಷ್ಟು ಚಲೋ ಉಣ್ತಿದ್ನೆಲ್ಲ. ಇನ್ನ ನಾ ಏನ್ ಉಣ್ಲಿ, ಹೇಳು?"

ಮಧ್ಯಾಹ್ನ ನುಚ್ಚು ಬೇಯಿಸಿ, ಮಜ್ಜಿಗೆ ಹಾಕಿ, ಅರ್ಧ ಉಪ್ಪಿನಲ್ಲೇ ಕಲಸಿ ಮುಂದಿಟ್ಟೆ. ಅವರು ಅದನ್ನು ಲಿಂಗಕ್ಕೆ ತೋರಿಸಿದರು, ಎರಡು ತುತ್ತು ಉಂಡರು, ತಾಟು ಸರಿಸಿದರು.