ಹ್ಯಾಜಿಗೆ ಹೇಳದೆ ಉಳಿದ ಮಾತು

ಆಟ ಮುಗಿಯುವ ಮೊದಲು ಗೆಲುವಿನ ಮಾತು ಎತ್ತಬಾರದು. ನಮ್ಮ ಊರಿನ ಹಾಕಿ ಮಂದಿಗೆ ಇದು ಹುಟ್ಟಿನಿಂದ ಬಂದ ಬುದ್ಧಿ. ನಮ್ಮದು ಮಂಜುಗಡ್ಡೆಯ ಮೇಲಿನ ಹಾಕಿ. ಕೆನಡಾದ ಈ ಬಯಲುಸೀಮೆಯಲ್ಲಿ ಅರ್ಧ ವರ್ಷ ಅದು ಬಿಟ್ಟರೆ ಬೇರೆ ಗತಿಯಿಲ್ಲ. ನಮ್ಮ ಗೋಲ್‌ಕೀಪರ್ ಒಂದೂ ಗೋಲು ಬಿಡದೆ ನಿಂತಿದ್ದಾನೆ ಅನ್ನಿ, ಆ ಸಂಗತಿಯನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಹೇಳಿದಿರೋ, ಮರುಗಳಿಗೆಗೆ ಗೋಲು. ಬೆಕ್ಕು ಅಡ್ಡ ಬಂದರೆ ನಿಂತು ಹೋಗುವವರು ಇದಕ್ಕೆ ನಗಬಾರದು.

ಲೀಡಾ ಮೆಲ್ನಿಕ್ ಈ ಬುದ್ಧಿಯನ್ನು ಪೆಟ್ಟು ತಿಂದು ಕಲಿತವಳು. ಮದುವೆಯಾದ ಹೊಸದರಲ್ಲಿ ಗಂಡ ನೆಸ್ಟರ್ ಜೊತೆ ಆಟಕ್ಕೆ ಹೋಗಿದ್ದಳು. ಅವನು ರೈಲ್ವೆ ಶೆಡ್ಡಿನಲ್ಲಿ ವೆಲ್ಡರ್. ಕೊನೆಯ ನಿಮಿಷ ನಡೆದಿತ್ತು, ನಮ್ಮವರು ಒಂದು ಗೋಲು ಮುಂದಿದ್ದರು. "ಬಿಡು, ಗೆದ್ದ ಹಾಗೇ" ಅಂದುಬಿಟ್ಟಳು. ಅಷ್ಟೇ ಸಾಕಾಯಿತು. ಎದುರಿನವರು ಸಮ ಮಾಡಿದರು, ಹೆಚ್ಚುವರಿ ಅವಧಿಯಲ್ಲಿ ಇನ್ನೊಂದು ಜಡಿದರು. ಇಡೀ ಸಾಲು ಅವಳ ಕಡೆ ತಿರುಗಿ ನೋಡಿತು. ಮನೆ ಮುಟ್ಟಿದ ಮೇಲೆ ನೆಸ್ಟರ್ ಬಾಗಿಲಲ್ಲಿ ಬೂಟು ಬಿಚ್ಚುತ್ತಾ ಹೇಳಿದ:

"ನಿನ್ನ ತಪ್ಪು ಅಂತ ಅಂತಿಲ್ಲ ಕಣೇ ನಾನು. ಆದ್ರೆ ಇನ್ಮೇಲೆ ಏನು ಬೇಕೋ ಅದನ್ನ ಬಾಯಲ್ಲಿ ಆಡ್ಬೇಡ."

ಲೀಡಾ ಆಡಲಿಲ್ಲ. ಹಾಕಿಯಲ್ಲಿ ಮಾತ್ರವಲ್ಲ, ಬದುಕಿನಲ್ಲೂ ಆಡಲಿಲ್ಲ. ಮಗು ಬೇಕು ಅಂತಲೂ ಗಂಡನ ಹತ್ತಿರ ಬಾಯಿಬಿಡಲಿಲ್ಲ. ಮಗು ಬರಲೂ ಇಲ್ಲ. ಶಾಲೆಯ ಹಳದಿ ಬಸ್ಸು ಓಡಿಸಿಕೊಂಡು ಊರವರ ಮಕ್ಕಳ ಮೂಗು ಒರೆಸಿದಳು, ಗಲಾಟೆ ಮಾಡಿದವರನ್ನು ಕನ್ನಡಿಯಲ್ಲೇ ಕಣ್ಣು ಕೆಕ್ಕರಿಸಿ ನೋಡಿ ಕೂರಿಸಿದಳು. ಚಳಿಗಾಲದ ಸಂಜೆಗಳಲ್ಲಿ ಗಂಡ ಹೆಂಡತಿ ಒಂದೇ ಕಂಬಳಿ ಹೊದ್ದು ಸೋಫಾದ ಮೇಲೆ ಕೂತು ಆಟ ನೋಡುವುದು. ಅದೇ ಅವರ ಸಂಸಾರದ ಸುಖ.

ಆ ಕಾಲಕ್ಕೇ ನಮ್ಮ ತಂಡಕ್ಕೆ ಬಂದವನು ಡೇನ್ ಹ್ಯಾಸ್ಲಮ್. ಊರಿಗೆಲ್ಲ ಹ್ಯಾಜಿ. ಬಂದಾಗ ಹದಿನೆಂಟರ ಹುಡುಗ, ಮುಖದ ತುಂಬ ಮೊಡವೆ. ಈ ಊರಿನ ಮಂಜುಗಡ್ಡೆಯ ಮೇಲೆ ಎರಡು ಹಲ್ಲು ಉದುರಿಸಿದ, ಮೊಣಕಾಲು ಸವೆಸಿದ, ನಾಯಕನಾದ. ವರ್ಷದ ಕೊನೆಗೆ ಗೆದ್ದ ತಂಡಕ್ಕೆ ಕೊಡುವ ಕಪ್ ಮಾತ್ರ ಕೈಗೆ ಸಿಗಲಿಲ್ಲ. ಸೋತ ಆಟದ ನಂತರ ಬೇರೆಯವರು ತಲೆತಪ್ಪಿಸಿಕೊಂಡರೂ ಅವನು ಬಂದು ಮೈಕಿನ ಮುಂದೆ ನಿಂತು "ತಪ್ಪು ನಂದು" ಅನ್ನುತ್ತಿದ್ದ. "ನಮ್ಮ ಶೆಡ್ಡಿನ ಮೇಸ್ತ್ರಿಗೆ ಈ ಬುದ್ಧಿ ಇದ್ದಿದ್ರೆ" ಅಂತ ನೆಸ್ಟರ್ ಪ್ರತಿ ಸಲವೂ ಹೇಳುವನು.

ಎರಡು ಚಳಿಗಾಲದ ಹಿಂದೆ ನೆಸ್ಟರ್‌ಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಬಿದ್ದುಹೋದವು. ಮಾತೂ ಹೋಯಿತು, ಒಂದನ್ನು ಬಿಟ್ಟು. ಆಸ್ಪತ್ರೆಯ ಹಾಸಿಗೆಯಲ್ಲಿ ಕಣ್ಣುಬಿಟ್ಟು ಹೆಂಡತಿಯನ್ನು ನೋಡಿ ಅವನು ಅಂದದ್ದು "ಹ್ಯಾಜಿ". ನೀರು ಬೇಕಾದರೂ ಹ್ಯಾಜಿ, ಬೆನ್ನು ನೋವಾದರೂ ಹ್ಯಾಜಿ, ಲೀಡಾಳನ್ನು ಕರೆಯುವುದೂ ಹ್ಯಾಜಿ ಅಂತಲೇ. ಹೀಗೂ ಆಗುತ್ತದೆ, ಒಂದೇ ಪದ ಉಳಿದುಬಿಡುತ್ತದೆ, ಅಂದರು ಡಾಕ್ಟರು. ಮತ್ತೊಂದು ಸಲ ಹೊಡೆದರೆ ಉಳಿಯುವುದು ಕಷ್ಟ ಅಂತಲೂ ಅಂದರು. ಆ ಎರಡನೆಯ ಮಾತನ್ನು ಲೀಡಾ ಯಾರಿಗೂ ಹೇಳಲಿಲ್ಲ, ಗಂಡನ ಮುಂದಂತೂ ಉಸಿರೆತ್ತಲಿಲ್ಲ. ದನಿಯ ಏರಿಳಿತ ಕೇಳಿಯೇ ಇದು ನೀರಿನ ಹ್ಯಾಜಿ, ಇದು ಸಿಟ್ಟಿನ ಹ್ಯಾಜಿ ಅಂತ ಗುರುತು ಹಿಡಿಯುವುದನ್ನು ಕಲಿತಳು. ಟೀವಿಯಲ್ಲಿ ನಾಯಕ ಬಂದಾಗ ಅವನು ಕೂಗುತ್ತಿದ್ದ ಹ್ಯಾಜಿ ಒಂದೇ ತಪ್ಪಿಲ್ಲದ್ದು. ಆಗ ಮಾತ್ರ ಅವನು ಹೇಳಬೇಕೆಂದಿದ್ದೂ ಬಾಯಲ್ಲಿ ಬಂದದ್ದೂ ಒಂದೇ ಆಗಿರುತ್ತಿತ್ತು. ಆ ಗಳಿಗೆಗಾಗಿ ಲೀಡಾ ಇಡೀ ದಿನ ಕಾಯುತ್ತಿದ್ದಳು.

ಈ ವರ್ಷ ಹ್ಯಾಜಿಯ ಒಪ್ಪಂದ ಮುಗಿಯುವುದಿತ್ತು. ಜುಲೈ ಒಂದರ ಹಗಲು ಗಡುವು ಮುಗಿಯಿತೆಂದರೆ ಅವನು ಯಾವ ತಂಡದವನೂ ಅಲ್ಲ. ಕರೆದವರ ಹತ್ತಿರ ಹೋಗಬಹುದು. ಊರಿಗೆಲ್ಲ ಗೊತ್ತಿತ್ತು, ಊರೆಲ್ಲ ಬಾಯಿಗೆ ಬೀಗ ಹಾಕಿಕೊಂಡಿತ್ತು. ಕ್ಷೌರದಂಗಡಿಯಲ್ಲಿ ಕೂತವರು ಹಿಮ ಕರಗಿದ್ದರ ಬಗ್ಗೆ, ರಸ್ತೆಯ ಗುಂಡಿಗಳ ಬಗ್ಗೆ ಮಾತಾಡಿ ಎದ್ದು ಹೋಗುವರು. ರೇಡಿಯೋದವನು ಆ ವಿಷಯ ಎತ್ತಿದರೆ ಜನ ಫೋನ್ ಮಾಡಿ "ಬಾಯಿ ಮುಚ್ಕೊಂಡಿರಪ್ಪ, ಕೆಡಿಸ್ಬೇಡ" ಅಂತ ಬೈಯುವರು. ಊರಿನಲ್ಲಿ ನಡೆದ ಈ ವರ್ಷದ ಕೊನೆಯ ಆಟದ ದಿನ ಇರು ಅಂತ ಒಬ್ಬನೂ ಒಂದು ಫಲಕ ಹಿಡಿಯಲಿಲ್ಲ. ಹ್ಯಾಜಿ ಮಂಜುಗಡ್ಡೆಯ ನಡುವೆ ನಿಂತು ನಾಲ್ಕೂ ಕಡೆ ನೋಡಿದ. ನಾವು ಎಂದಿನಂತೆ ಚಪ್ಪಾಳೆ ಹೊಡೆದು ಮನೆಗೆ ಬಂದೆವು.

ಮೇ ತಿಂಗಳ ಒಂದು ಗುರುವಾರ. ಗುರುವಾರ ಅಂದರೆ ನಮ್ಮ ಉಕ್ರೇನಿಯನ್ ಚರ್ಚಿನ ನೆಲಮಾಳಿಗೆಯಲ್ಲಿ ಪೆರೋಗಿ ದಿನ. ಹೆಂಗಸರೆಲ್ಲ ಸೇರಿ ಕಣಕ ಲಟ್ಟಿಸಿ, ಹೂರಣ ತುಂಬಿ, ಅಂಚು ಒತ್ತಿ, ಬೇಯಿಸಿ ಮಾರುತ್ತಾರೆ. ಯಜಮಾನಿಕೆ ಪಾಲಿನ್‌ದು, ಅವಳ ಬಾಯಿಗೆ ಪಾದ್ರಿಗಳೇ ಹೆದರುತ್ತಾರೆ. ಅವತ್ತು ಪಾಲಿನ್ ಒಳಗೆ ಹಂಡೆಯ ಹತ್ತಿರ ಇದ್ದಳು, ಮಾರುವ ಮೇಜಿನ ಹಿಂದೆ ಲೀಡಾ ಒಬ್ಬಳೇ. ಬಂದವಳು ಮರೀಸಾ, ಹ್ಯಾಜಿಯ ಹೆಂಡತಿ. ಅವಳು ಹಿಮವನ್ನೇ ನೋಡದ ಕಡಲತೀರದ ಊರಿನವಳು. ಮದುವೆಯಾಗಿ ಬಂದ ಮೇಲೂ ಚಳಿ ಇಳಿದ ಏಪ್ರಿಲ್‌ನಲ್ಲಿ ಉಣ್ಣೆ ಟೋಪಿ ಹಾಕಿಕೊಳ್ಳುವವಳು ಅಂತ ಊರು ಅವಳನ್ನು ಪ್ರೀತಿಯಿಂದಲೇ ಆಡಿಕೊಳ್ಳುತ್ತಿತ್ತು.

"ಒಂದು ಮಾತು ಕೇಳ್ಲಾ ನಿಮ್ಮನ್ನ?" ಅಂದಳು ಮರೀಸಾ. "ನಾವು ಇಲ್ಲೇ ಇರ್ಬೇಕು ಅಂತ ಈ ಊರವ್ರಿಗೆ ಇದೆಯಾ? ಯಾರೂ ಏನೂ ಹೇಳ್ತಾನೇ ಇಲ್ಲ."

ಇರಿ ಅನ್ನುವ ಮಾತು ಲೀಡಾಳ ನಾಲಗೆಯ ತುದಿಗೆ ಬಂದೇ ಬಂದಿತು. ಇರಮ್ಮಾ, ನಮ್ಮ ಮನೆಯಲ್ಲೊಬ್ಬ ನಿನ್ನ ಗಂಡನ ಹೆಸರು ಹಿಡಿದುಕೊಂಡೇ ಬದುಕಿದ್ದಾನೆ ಅನ್ನಬೇಕಿತ್ತು. ಅಷ್ಟರಲ್ಲಿ ಬಾಗಿಲಲ್ಲಿ ಕೂತು ಬೂಟು ಬಿಚ್ಚುತ್ತಿದ್ದ ನೆಸ್ಟರ್ ಕಣ್ಣ ಮುಂದೆ ಬಂದ. ಲೀಡಾ ಮಾತು ನುಂಗಿದಳು.

"ಆಲೂಗಡ್ಡೆದು ಕೊಡ್ಲಾ, ಹುಳಿ ಕೋಸಿಂದು ಕೊಡ್ಲಾ?"

ಮರೀಸಾ ಕೈಚೀಲ ತೆರೆದಳು. "ಯಾವ್ದಾದ್ರೂ ಸರಿ" ಅಂದಳು. ಲೀಡಾ ಕೇಳಿದ್ದಕ್ಕಿಂತ ಒಂದು ಡಜನ್ ಹೆಚ್ಚೇ ತುಂಬಿದಳು. ಅದೇ ತನ್ನ ಉತ್ತರ ಅಂದುಕೊಂಡಳು. ಮರೀಸಾ ಮೆಟ್ಟಿಲು ಹತ್ತಿ ಹೋದ ಮೇಲೆ, ದೃಷ್ಟಿ ತಾಗದಿರಲಿ ಅಂತ ಮರದ ಮೇಜನ್ನು ಮೂರು ಸಲ ಕುಟ್ಟಿದಳು. ಮನೆಗೆ ಹೋಗಿ ಗಂಡನ ಕಿವಿಯಲ್ಲಿ, "ನಾಲಗೆ ತುದೀಲಿತ್ತು ಕಣೋ. ಆದ್ರೂ ಕೆಡಿಸ್ಲಿಲ್ಲ ನಾನು" ಅಂದಳು. ಅಷ್ಟು ಹೆಮ್ಮೆ ಅವಳಿಗೆ ಬಸ್ಸಿನ ಕೆಲಸದಿಂದ ನಿವೃತ್ತಿಯಾದಾಗ ಸನ್ಮಾನ ಮಾಡಿದ ದಿನವೂ ಆಗಿರಲಿಲ್ಲ.

ಜುಲೈ ಒಂದು ಕೆನಡಾ ದಿನ, ನಮ್ಮ ನಾಡಹಬ್ಬ. ಬೀದಿಯ ತುಂಬ ಕೆಂಪು ಬಾವುಟ, ಹಿತ್ತಿಲುಗಳಲ್ಲಿ ಹೊಗೆ. ಲೀಡಾ ನೆಸ್ಟರ್‌ಗೆ ಹ್ಯಾಜಿಯ ಹೆಸರು ಬರೆದ ತಂಡದ ಅಂಗಿ ತೊಡಿಸಿ ಗಾಲಿಕುರ್ಚಿಯನ್ನು ಜಗುಲಿಗೆ ತಂದಿದ್ದಳು. ಬೇಲಿಯಾಚೆ ಪಕ್ಕದ ಮನೆಯ ಡಗ್ ಸಾಸೇಜು ಸುಡುತ್ತಿದ್ದ, ಅವನ ರೇಡಿಯೋ ಇಡೀ ಬೀದಿಗೆ ಕೇಳಿಸುತ್ತಿತ್ತು. ಗಡುವು ಮುಗಿದು ಇನ್ನೂ ಸ್ವಲ್ಪವೇ ಆಗಿತ್ತು, ಸುದ್ದಿ ಬಂತು. ಹ್ಯಾಜಿ ಹೋದ. ದಕ್ಷಿಣದ ಯಾವುದೋ ಸೆಕೆಯ ಊರಿಗೆ, ತಾಳೆಮರದ ಊರಿಗೆ.

ಡಗ್ ಇಕ್ಕಳ ಕೆಳಗಿಟ್ಟ. "ದುಡ್ಡಿಗೆ ಬಿದ್ದ ನನ್ಮಗ" ಅಂದ. ಒಂದು ನಿಮಿಷ ಬಿಟ್ಟು, "ಇಲ್ಲ ಬಿಡು, ಅವ್ನಿಗೂ ಕಪ್ ಬೇಕಲ್ಲ, ವಯಸ್ಸಾಯ್ತು" ಅಂದ. ಇನ್ನೂ ಒಂದು ನಿಮಿಷ ಬಿಟ್ಟು, "ಹೇಳಿ ಹೋಗ್ಬಾರ್ದಿತ್ತಾ ಲೀಡಾ, ಒಂದು ಮಾತು" ಅಂದ. ಸಾಸೇಜು ಕರಕಲಾಗುತ್ತಿದ್ದವು, ಅವನು ನೋಡಲಿಲ್ಲ. ಎದುರು ಮನೆಯವನು ಹೊರಗೆ ಬಂದು ಬೀದಿಯನ್ನು ಅತ್ತಿತ್ತ ನೋಡಿ ಮತ್ತೆ ಒಳಗೆ ಹೋದ. ಯಾರನ್ನು ಬೈಯಬೇಕು, ಯಾರ ಕಾಲು ಹಿಡಿಯಬೇಕು, ಒಂದೂ ತಿಳಿಯದೆ ಊರಿಗೆ ಊರೇ ಕೈ ಕೈ ಹಿಸುಕಿಕೊಂಡಿತು. ನಾವು ದುಡ್ಡು ಕೊಟ್ಟು ಟಿಕೆಟ್ ಕೊಳ್ಳುವವರು, ಅಂಗಿ ಹಾಕಿಕೊಂಡು ಕೂಗುವವರು. ತಂಡ ನಮ್ಮದು ಅನ್ನುತ್ತೇವೆ, ಆದರೆ ಯಾವುದೂ ನಮ್ಮನ್ನು ಕೇಳಿ ನಡೆಯುವುದಿಲ್ಲ.

"ಹ್ಯಾಜಿ" ಅಂದ ನೆಸ್ಟರ್.

ಲೀಡಾ ಅವನ ಮುಖ ನೋಡಿದಳು. ನೀರು ಬೇಕಿತ್ತೋ, ಬಿಸಿಲು ತಾಗಿತ್ತೋ, ರೇಡಿಯೋದ ಸುದ್ದಿ ಅರ್ಥವಾಗಿತ್ತೋ. ಲಕ್ವ ಹೊಡೆದ ಮೇಲೆ ಮೊದಲ ಸಲ ಅವಳಿಗೆ ಅದು ಯಾವ ಹ್ಯಾಜಿ ಅಂತ ತಿಳಿಯಲಿಲ್ಲ.

ಆ ಗುರುವಾರ ನೆಲಮಾಳಿಗೆಯಲ್ಲಿ ಪಾಲಿನ್ ಫೋನನ್ನು ಹಿಟ್ಟಿನ ಡಬ್ಬಕ್ಕೆ ಒರಗಿಸಿ ಇಟ್ಟಳು. ಮರೀಸಾ ಯಾರಿಗೋ ಸಂದರ್ಶನ ಕೊಟ್ಟಿದ್ದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. "ಡೇನ್‌ಗೆ ಅಲ್ಲೇ ಇರೋ ಮನಸ್ಸಿತ್ತು. ಆದ್ರೆ ಒಬ್ರೂ ಇರಿ ಅನ್ಲಿಲ್ಲ. ಒಂದ್ಕಡೆ ನಾನೇ ಬಾಯಿಬಿಟ್ಟು ಕೇಳ್ದೆ, ಅವ್ರು ಮಾತು ಮರೆಸಿದ್ರು. ಊರವ್ರಿಗೆ ನಮ್ಮನ್ನ ನೋಡಿ ಸಾಕಾಗಿರ್ಬೇಕು ಅಂತ ಮನೇಲಿ ಹೇಳ್ದೆ. ಡೇನ್ ಮಾರನೇ ದಿನವೇ ಏಜೆಂಟ್‌ಗೆ ಫೋನ್ ಮಾಡಿದ್ರು."

ಪಾಲಿನ್ ಫೋನ್ ಆರಿಸಿದಳು. "ಅವಳಿಗೆ ಗೊತ್ತಿರ್ಲಿಲ್ಲ ಸರಿ. ಅವ್ನಿಗೆ ನಮ್ಮ ಪದ್ಧತಿ ಗೊತ್ತಿತ್ತಲ್ಲ?"

"ಗೊತ್ತಿದ್ರೂ," ಅಂದಳು ಲೀಡಾ, "ಒಂದ್ಸಲ ಕಿವಿಲಿ ಕೇಳ್ಬೇಕು ಅನ್ಸುತ್ತೆ."

"ಯಾರನ್ನ ಕೇಳಿದ್ಳೋ. ಯಾವ ಮೂದೇವಿ ಮಾತು ಮರೆಸಿದ್ಳೋ."

"ನಾನೇ ಮಾರಾಯ್ತಿ. ಈ ಮೇಜಿನ ಹತ್ರಾನೇ ಕೇಳಿದ್ದು."

ಪಾಲಿನ್‌ಗೆ ಬೈಗುಳ ಹುಡುಕಬೇಕಾದ ಪ್ರಸಂಗ ಎಂದೂ ಬಂದಿರಲಿಲ್ಲ. ಅವತ್ತು ಬೈಯಲಿಲ್ಲ. ಕಣಕದ ಉಂಡೆಯೊಂದನ್ನು ಲೀಡಾಳ ಕಡೆ ತಳ್ಳಿ, "ನಾನಾಗಿದ್ರೂ ಅದನ್ನೇ ಮಾಡ್ತಿದ್ದೆ" ಅಂದಳು. ಬೈದಿದ್ದರೆ ಲೀಡಾಗೆ ಸ್ವಲ್ಪ ಹಗುರವಾಗುತ್ತಿತ್ತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ಆಡದೆಯೂ ಹೋಗುತ್ತದೆ ಅಂತ ಅವಳಿಗೆ ಯಾರೂ ಹೇಳಿರಲಿಲ್ಲ.

ಮನೆಗೆ ಬಂದಾಗ ನೆಸ್ಟರ್ ಕಿಟಕಿಯ ಹತ್ತಿರ ಕುರ್ಚಿಯಲ್ಲಿದ್ದ. ನೋಡಿಕೊಳ್ಳಲು ಬರುವ ನರ್ಸು ಆಗಷ್ಟೇ ಹೊರಟುಹೋಗಿದ್ದಳು. ಲೀಡಾ ಕೈಯ ಹಿಟ್ಟನ್ನೂ ತೊಳೆಯದೆ ಅವನ ಮುಂದೆ ನೆಲದ ಮೇಲೆ ಕೂತಳು, ಬಿದ್ದುಹೋದ ಬಲಗೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದುಕೊಂಡಳು.

"ಇನ್ನೊಂದ್ಸಲ ಹೊಡೆದ್ರೆ ಕಷ್ಟ ಅಂದಿದಾರೆ ಡಾಕ್ಟ್ರು. ನಿಂಗೆ ಹೇಳಿರ್ಲಿಲ್ಲ ನಾನು" ಅಂದಳು. "ಇರು ನೆಸ್ಟರ್. ನಂಗೆ ಬೇರೆ ಯಾರೂ ಇಲ್ಲ. ನೀನು ಇರ್ಬೇಕು."

ಅವನು ಅವಳನ್ನು ನೋಡಿದ. ಎಡಗೈ ಮೆಲ್ಲಗೆ ಬಂದು ಅವಳ ತಲೆಯ ಮೇಲೆ ಕೂತಿತು.

"ಹ್ಯಾಜಿ" ಅಂದ.

ಇರ್ತೀನಿ ಅಂದನೋ, ಅದು ನನ್ನ ಕೈಯಲ್ಲಿಲ್ಲ ಕಣೇ ಅಂದನೋ. ಲೀಡಾ ಮತ್ತೊಂದು ಸಲ ಇರು ಅಂತ ಕೇಳಿಕೊಂಡಳು. ಅವನು ಅದನ್ನೇ ಹೇಳಿದ.