ರೊಟ್ಟಿ ಅಂಗಡಿಗೊಂದು ಬ್ಲಾಗು

ನಮ್ಮ ರೊಟ್ಟಿ ಅಂಗಡಿಗೆ ಬ್ಲಾಗು ಬೇಕೇ ಬೇಕು ಎಂದು ಹಟ ಹಿಡಿದವನು ನನ್ನ ಮೈದುನ. ಯಾವುದೋ ಫಂಕ್ಷನ್ ಹಾಲಿನಲ್ಲಿ ಸಣ್ಣ ವ್ಯಾಪಾರಿಗಳಿಗೆಂದು ನಡೆದ ಸಭೆಗೆ ಹೋಗಿ, ಪುಕ್ಕಟೆ ಊಟ ಮಾಡಿ, ತಲೆ ತುಂಬ ಹೊಸ ಮಾತು ತುಂಬಿಕೊಂಡು ಬಂದಿದ್ದ. ನಾನಾಗ ಪರಾತದಲ್ಲಿ ಹಿಟ್ಟು ನಾದುತ್ತಿದ್ದೆ.

"ಜಾಹೀರಾತು ಹಾಕಿದ್ರ ಜನಾ ಮಾರಿ ತಿರುವ್ತಾರ್ರಿ ವೈನಿ," ಅಂದ. "ಮನಿ ಮಾತು ಹೇಳಿದ್ರ ಕುಂತು ಕೇಳ್ತಾರ. ಕೇಳಿದವ್ರು ಒಂದಿನ ತಗೊಳ್ಳಾಕ ಬರ್ತಾರ. ಅದಕ್ಕ ಎಂಥಾ ಧಂದೆದವ್ರೂ ಬ್ಲಾಗ್ ಬರೀಬೇಕಂತ."

"ಬರಿಯೋರು ಯಾರು?" ಎಂದು ಕೇಳಿದೆ. ಕೇಳಬಾರದಿತ್ತು.

"ನೀವು ಹೆಂಗೂ ಮನ್ಯಾಗ ಇರ್ತೀರಲ್ಲ."

ಹೆಂಗೂ ಮನೆಯಲ್ಲಿ ಇರುವವಳು. ಆ ಮಾತಿಗೆ ನನ್ನ ಕಿವಿ ಹುಣ್ಣಾಗಿ ಹೋಗಿತ್ತು. ವಿಜಯಪುರದಲ್ಲಿ ಕನ್ನಡ ಎಂ.ಎ. ಮುಗಿಸಿ, ಮದುವೆಯಾಗಿ, ಹೈದರಾಬಾದಿನ ಪಟಾನ್‌ಚೆರು ಕಡೆಯ ಈ ಓಣಿಗೆ ಬಂದವಳು ನಾನು. ಗಂಡನಿಗೆ ಔಷಧಿ ಕಾರ್ಖಾನೆಯಲ್ಲಿ ಪಾಳಿ ಕೆಲಸ. ಮನೆಯ ಮುಂದಿನ ಕೋಣೆಯೇ ಅಂಗಡಿ. ನಡುವಿನ ಕೋಣೆಯಲ್ಲಿ ಒಲೆ, ಹಂಚು, ಹಿಟ್ಟಿನ ಡಬ್ಬಿ. ಹಿಂದಿನದರಲ್ಲಿ ನಾವು ಮಲಗುವುದು. ಅಂಗಡಿ ದಾಟದೆ ಬೀದಿಗೆ ಇಳಿಯಲು ಬೇರೆ ದಾರಿ ಇಲ್ಲ, ಅಂಗಡಿಯಲ್ಲಿ ಅತ್ತೆ ಕೂತಿರುತ್ತಾರೆ. "ಎಲ್ಲಿಗೆ ಹೊಂಟಿಯವಾ?" ಎಂದು ಕೇಳುತ್ತಾರೆ. ಬೈಯುವುದಿಲ್ಲ, ತಡೆಯುವುದಿಲ್ಲ, ಬರೀ ಕೇಳುತ್ತಾರೆ. ಉತ್ತರ ಹುಡುಕುವುದರೊಳಗೆ ಹೋಗುವ ಮನಸ್ಸೇ ಸತ್ತುಹೋಗಿರುತ್ತದೆ.

ನಡುವಿನ ಕೋಣೆಯ ಕಿಟಕಿಯಿಂದ ಬಸ್ ಸ್ಟಾಪು ಕಾಣುತ್ತದೆ. ಕೊರಳಿಗೆ ಗುರುತಿನ ಚೀಟಿ ಹಾಕಿಕೊಂಡ ಹೆಣ್ಣುಮಕ್ಕಳು ಬೆಳಿಗ್ಗೆ ಅಲ್ಲಿ ಗಚ್ಚಿಬೌಲಿ ಬಸ್ಸಿಗೆ ಕಾಯುತ್ತ ನಿಂತಿರುತ್ತಾರೆ. ಅವರ ಸಂಬಳ, ಅವರ ಕುರ್ಚಿ ಯಾವುದೂ ನನಗೆ ಬೇಕಾಗಿರಲಿಲ್ಲ. ಬೆಳಿಗ್ಗೆ ಹೊಸ್ತಿಲು ದಾಟಿ ಹೋಗಬೇಕು, ಸಂಜೆ ಬರಬೇಕು, ಎಲ್ಲಿಗೆ ಎಂದು ಯಾರೂ ಕೇಳಬಾರದು. ನನ್ನ ಆಸೆ ಇಷ್ಟೇ ಇತ್ತು.

ಬ್ಲಾಗನ್ನು ಅತ್ತೆಯೇ ಮಾತಾಡಿದ ಹಾಗೆ ಬರೆಯಬೇಕು ಎಂಬುದು ಮೈದುನನ ಕರಾರು. "ಎಂ.ಎ. ಮಾಡಿದೋರು ಹೇಳಿದ್ರ ರೊಟ್ಟಿ ಯಾರು ತಗೋತಾರ್ರಿ?" ಅಂದ. ಮಾತು ಸುಳ್ಳಲ್ಲ. ಅದಕ್ಕೇ ಸಿಟ್ಟು ಇನ್ನೂ ಹೆಚ್ಚಾಯಿತು.

ನಮ್ಮ ಮನೆಯ ಒಂದು ಸಂಗತಿ ಇಲ್ಲಿ ಹೇಳಲೇಬೇಕು. ಎಲ್ಲರೂ ಆಡುವುದು ಕನ್ನಡ, ಓದಬಲ್ಲವಳು ನಾನೊಬ್ಬಳೇ. ಗಂಡ, ಮೈದುನ ಇಬ್ಬರೂ ಇಲ್ಲಿಯೇ ಹುಟ್ಟಿ ತೆಲುಗು ಮೀಡಿಯಂನಲ್ಲಿ ಕಲಿತವರು. ಅತ್ತೆ ಶಾಲೆಯ ಮೆಟ್ಟಿಲು ಹತ್ತಿದವರೇ ಅಲ್ಲ. ನಾನು ಫೋನಿನಲ್ಲಿ ಬರೆದುಕೊಟ್ಟದ್ದನ್ನು ಮೈದುನ ರೊಟ್ಟಿಯದೊಂದು ಫೋಟೊ ಕೆಳಗೆ ಅಂಟಿಸಿ ಹಾಕಿಬಿಡುತ್ತಿದ್ದ. ಅದರಲ್ಲಿ ನಾನು ಅವನನ್ನೇ ಬೈದಿದ್ದರೂ ಅವನಿಗೆ ತಿಳಿಯುತ್ತಿರಲಿಲ್ಲ.

ನಾನೇನೂ ಬೈಯಲಿಲ್ಲ. ಜೋಳದ ಹಿಟ್ಟಿಗೆ ಕುದಿಯುವ ನೀರೇ ಯಾಕೆ, ಖಡಕ್ ರೊಟ್ಟಿ ಮಳೆಗಾಲದಲ್ಲಿ ಮೆತ್ತಗಾದರೆ ಏನು ಮಾಡಬೇಕು, ರೊಟ್ಟಿಗೆ ಹಚ್ಚಿಕೊಳ್ಳುವ ಶೇಂಗಾ ಹಿಂಡಿಗೆ ಬೆಳ್ಳುಳ್ಳಿ ಯಾವಾಗ ಹಾಕಬೇಕು, ಇಂಥವನ್ನೇ ಬರೆದೆ. ನಡುನಡುವೆ ಅತ್ತೆಯ ಗೊಣಗಾಟ ಸೇರಿಸಿದೆ. ನಮ್ಮದು ತಗೊಳ್ಳಿ ಎಂದು ಒಂದು ಸಾಲೂ ಬರೆಯಲಿಲ್ಲ. ಆದರೂ ಜನ ತಗೊಂಡರು. ಮೈದುನ ಸಭೆಯಲ್ಲಿ ಕೇಳಿ ಬಂದದ್ದು ನಿಜವೇ ಇತ್ತು. ಗಚ್ಚಿಬೌಲಿಯ ಅಪಾರ್ಟ್‌ಮೆಂಟುಗಳಲ್ಲಿ ಇಷ್ಟು ಜನ ಕನ್ನಡದವರು ಇದ್ದಾರೆಂದು ನನಗೂ ಗೊತ್ತಿರಲಿಲ್ಲ. ನಿಮ್ಮ ಮಾತು ಓದಿದರೆ ನಮ್ಮಜ್ಜಿಯ ನೆನಪಾಗುತ್ತದೆ ಅಮ್ಮಾ ಎಂದು ಬರೆದರು. ಅದೇ ಬಾಯಲ್ಲಿ ರೊಟ್ಟಿಗೆ ಆರ್ಡರ್ ಕೊಟ್ಟರು. ನಾನು ಚೆನ್ನಾಗಿ ಬರೆದಷ್ಟೂ ನಾನು ನಾದಬೇಕಾದ ಹಿಟ್ಟು ಹೆಚ್ಚಾಯಿತು.

ಆಷಾಢದಲ್ಲಿ ಒಂದು ದಿನ ಎಲ್ಲರೂ ಊಟಕ್ಕೆ ಕೂತಾಗ ಮೈದುನ ನಗುತ್ತ ಹೇಳಿದ: "ಗಚ್ಚಿಬೌಲಿಯಿಂದ ಒಬ್ಬಾಕಿ ಫೋನ್ ಮಾಡಿದ್ಲು. ನಮ್ಮ ಗಿರಾಕಿನ. ಬ್ಲಾಗ್ ಬರಿಯೋರು ಯಾರು, ನಮ್ಮ ಕಂಪನ್ಯಾಗ ಕನ್ನಡ ಬರಿಯಾಕ ಮಂದಿ ಬೇಕಾಗ್ಯಾರ ಅಂದ್ಲು. ನಮ್ಮವ್ವನ ಬರೀತಾಳ್ರಿ ಅಂದೆ. ಏನಬೇ ಯವ್ವಾ, ಹೋಗ್ತಿಯೇನು ನೌಕರಿಗೆ?"

ಅತ್ತೆ ಬಿದ್ದು ಬಿದ್ದು ನಕ್ಕರು. ಗಂಡನೂ ನಕ್ಕ. ನಾನು ಕೈಯಲ್ಲಿದ್ದ ತುತ್ತು ತಾಟಿಗೆ ಇಟ್ಟೆ.

"ನಾ ಹೋಗ್ತೀನಿ," ಅಂದೆ.

ನಗು ನಿಂತಿತು. "ಹಿಟ್ಟು ಯಾರು ನಾದಬೇಕವಾ?" ಎಂದರು ಅತ್ತೆ. "ನಾಗರಪಂಚಮಿ ಬಂತು. ಉಂಡಿ ಆರ್ಡರ್ ನೋಡಿದ್ರ ಎದಿ ಝಲ್ ಅಂತೈತಿ."

"ಈಗ ನೀವು ಬರಿಯೋದು ಅಂತ ಹೇಳಿದ್ರ ಅಂಗಡಿ ಮರ್ಯಾದಿ ಹೋಕ್ಕೈತ್ರಿ ವೈನಿ," ಎಂದ ಮೈದುನ. "ಜನಾ ಅವ್ವನ್ನ ನಂಬಿ ತಗೊಳ್ಳಾಕತ್ತಾರ."

ಗಂಡ ತಾಟಿನಲ್ಲೇ ಮುಖವಿಟ್ಟು "ಮುಂದ ನೋಡೋಣು" ಎಂದ. ಆ ಮುಂದ ಎಂಬುದು ನಮ್ಮ ಮನೆಗೆ ಎಂದೂ ಬಂದದ್ದಿಲ್ಲ. ಆ ಹೆಣ್ಣುಮಗಳ ನಂಬರು ಮೈದುನನ ಫೋನಿನಲ್ಲಿತ್ತು. ಕೇಳಿದರೆ ಹುಡುಕಿ ಕೊಡುತ್ತೇನೆ ಎಂದ, ಕೊಡಲಿಲ್ಲ.

ಪಂಚಮಿಗೆ ನನ್ನಣ್ಣ ವಿಜಯಪುರದಿಂದ ಕರೆಯಲು ಬಂದ. ಪಂಚಮಿಗೆ ಅಣ್ಣ ಕರೆಯಲು ಬರುವುದು, ಮನೆಮಗಳು ತವರಿಗೆ ಹೋಗುವುದು ನಮ್ಮ ಕಡೆಯ ಪದ್ಧತಿ. ಈ ಸಲ ಆರ್ಡರ್ ಭಾಳ ಅದಾವು ಎಂದು ಅತ್ತೆ ಅವನಿಗೆ ಡಬ್ಬಿ ತುಂಬ ಶೇಂಗಾದುಂಡಿ ಕೊಟ್ಟು ಕಳಿಸಿದರು. ಅವನು ಬಸ್ ಸ್ಟಾಪಿನಲ್ಲಿ ಡಬ್ಬಿ ಹಿಡಿದು ನಿಂತದ್ದನ್ನು ಕಿಟಕಿಯಿಂದ ನೋಡಿದೆ. ಅಳು ತಡೆಯಲಾಗಲಿಲ್ಲ. ಎಳ್ಳು ಹುರಿಯುವ ಹೊಗೆಗೆ ಕಣ್ಣಲ್ಲಿ ನೀರು ಎಂದುಕೊಂಡಿರಬೇಕು ಮನೆಯವರು.

ಪಂಚಮಿಯ ದಿನ ನಮ್ಮಲ್ಲಿ ಒಲೆಯ ಮೇಲೆ ಹಂಚು ಇಡುವುದಿಲ್ಲ. ಬೇಕಾದ ರೊಟ್ಟಿಯನ್ನೆಲ್ಲ ಮೊದಲೇ ಮಾಡಿ ಒಂದರ ಮೇಲೊಂದು ಅಟ್ಟಿ ಕಟ್ಟಿಟ್ಟಿರುತ್ತೇವೆ. ವರ್ಷದಲ್ಲಿ ನನ್ನ ಕೈಗೆ ಹಿಟ್ಟು ಹತ್ತದ ದಿನ ಅದೊಂದೇ. ಮಧ್ಯಾಹ್ನ ಅತ್ತೆ ಮಲಗಿದ್ದರು. ಪಂಚಮಿಯ ಬಗ್ಗೆ ಏನಾದರೂ ಬರೀರಿ ಎಂದು ಮೈದುನ ಬೆಳಿಗ್ಗೆಯೇ ಹೇಳಿದ್ದ. ತಣ್ಣಗಿದ್ದ ಒಲೆಯ ಮುಂದೆ ಕೂತು ಅತ್ತೆಯ ಮಾತಿನಲ್ಲಿಯೇ ಬರೆದೆ:

"ಇವತ್ತ ನಮ್ಮ ಮನ್ಯಾಗ ಹಂಚು ಇಟ್ಟಿಲ್ಲ. ಅದಕ್ಕ ಒಂದು ಖರೇ ಮಾತು ಹೇಳ್ತೀನಿ. ನನಗ ಅಕ್ಷರ ಬರಂಗಿಲ್ಲ. ಇಷ್ಟು ದಿನಾ ನೀವು ಓದಿದ್ದೆಲ್ಲಾ ನನ್ನ ಸೊಸಿ ಬರದದ್ದು. ಭಾಳ ಓದಿದಾಕಿ. ರೊಟ್ಟಿ ಸಲುವಾಗಿ ಅಕಿನ್ನ ಒಲಿ ಮುಂದ ಕುಂದರಿಸಿ ಇಟ್ಟುಕೊಂಡೀನಿ, ಪಂಚಮಿಗೆ ತವರಮನಿಗೂ ಕಳಿಸಿಲ್ಲ. ಅಕಿಗೆ ಹೊರಗ ಹೋಗಿ ನೌಕರಿ ಮಾಡೋ ಆಸೆ ಐತಿ. ಸಿಕ್ಕರ ನಾನ ಬಾಗಿಲತನ ಹೋಗಿ ಕಳಿಸಿಕೊಡ್ತೀನಿ."

ಮೈದುನ ಅದನ್ನು ಉಂಡಿಯ ಫೋಟೊ ಕೆಳಗೆ ಅಂಟಿಸಿ ಹಾಕಿದ. "ಛಲೋ ಉದ್ದ ಬರದೀರಿ," ಅಂದ.

ಮರುದಿನ ಅವನ ಫೋನು ಗುಂಯ್‌ಗುಡುವುದು ನಿಲ್ಲಲಿಲ್ಲ. ಏನು ಬರೆದಿದ್ದಾರೆ ಓದ್ರಿ ಎಂದು ನನ್ನ ಕೈಗೇ ಕೊಟ್ಟ. ಇಂಥ ಅತ್ತೆ ಎಲ್ಲರಿಗೂ ಸಿಗಲಿ ಎಂದು ಒಬ್ಬರು, ಓದುತ್ತ ಕಣ್ಣು ತುಂಬಿತು ಎಂದು ಇನ್ನೊಬ್ಬರು. ಅತ್ತೆ ರೊಟ್ಟಿ ಬಡಿಯುವುದು ನಿಲ್ಲಿಸಿದರು. "ಅಂಥಾದ್ದು ಏನಂದೀನಿ ನಾನು? ಅದನ್ನ ಓದು."

ಓದಿದೆ. ಮುಗಿದ ಮೇಲೆ ಮೈದುನನ ಮುಖ ಕರಿ ಹಂಚಿನ ಹಾಗಾಗಿತ್ತು. ನನ್ನನ್ನು ಇಂದೇ ವಿಜಯಪುರದ ಬಸ್ಸಿಗೆ ಹತ್ತಿಸುತ್ತಾರೆ ಎಂದುಕೊಂಡೆ. ಹಾಗಾದರೂ ಹೊಸ್ತಿಲು ದಾಟುತ್ತೇನಲ್ಲ ಎಂಬ ಹುಚ್ಚು ಧೈರ್ಯವೂ ಬಂತು.

ಅತ್ತೆ ಕೈಗೆ ಮೆತ್ತಿದ ಹಿಟ್ಟು ಕೆರೆದು ಪರಾತಕ್ಕೆ ಹಾಕಿದರು. ಆಮೇಲೆ "ಭಾಳ ಛಲೋ ಅಂದೀನಿ ಬಿಡು," ಎಂದರು. ಮತ್ತೆ ಹಿಟ್ಟಿಗೆ ಕೈ ಹಾಕುತ್ತ, "ಇಷ್ಟು ಮಂದಿ ಓದ್ಯಾರ ಅಂದಮ್ಯಾಲ ಈಗ ಇಲ್ಲ ಅಂದ್ರ ನನಗ ಕೆಟ್ಟ ಹೆಸರು ಬರತೈತಿ. ಹೋಗವಾ, ಹೋಗು."

ಅಂದಿನ ನನ್ನ ಸಂತೋಷವನ್ನು ಹೇಗೆ ಹೇಳಲಿ. ಪೆಟ್ಟಿಗೆಯ ತಳದಿಂದ ಮದುವೆಗೆ ಮುಂಚಿನ ಎರಡು ಚೂಡಿದಾರ ತೆಗೆದು ಒಗೆದು ಹಾಕಿದೆ. ಗಂಡ ಗಚ್ಚಿಬೌಲಿ ಬಸ್ಸಿನ ಹೊತ್ತು ವಿಚಾರಿಸಿಕೊಂಡು ಬಂದ. ಅವನ ಮೇಲೂ ಪ್ರೀತಿ ಉಕ್ಕಿತು.

ಆ ಕಂಪನಿಯ ಹೆಣ್ಣುಮಗಳು ಆ ವಾರವೇ ಅಂಗಡಿಗೆ ಬಂದಳು. ಮೈಸೂರು ಕಡೆಯವಳು, ಕಾರಿನಿಂದ ಇಳಿದವಳೇ ಅತ್ತೆಯ ಕಾಲು ಮುಟ್ಟಿ ನಮಸ್ಕರಿಸಿದಳು. "ಎಷ್ಟು ದೊಡ್ಡ ಮನಸ್ಸಮ್ಮಾ ನಿಮ್ಮದು," ಎಂದಳು. ಅತ್ತೆ ಅವಳ ಕೈಗೆ ಎಳ್ಳುಂಡಿ ಕೊಟ್ಟರು. ನಾನು ಇಸ್ತ್ರಿ ಮಾಡಿದ ಚೂಡಿದಾರದಲ್ಲಿ ನಿಂತಿದ್ದೆ.

"ಕೆಲಸ ನಿಮಗೇ," ಎಂದಳು ನನ್ನ ಕಡೆ ತಿರುಗಿ. "ಆದ್ರೆ ನಿಮ್ಮ ಬರಹ ಓದಿ ನಾನು ಬೇರೇನೇ ಯೋಚನೆ ಮಾಡಿದೆ. ಇಂಥ ಅತ್ತೇನ ಬಿಟ್ಟು ದಿನಾ ಆ ಟ್ರಾಫಿಕ್ಕಲ್ಲಿ ಯಾಕೆ ಒದ್ದಾಡ್ತೀರ? ಮನೆಯಿಂದಲೇ ಬರೆದು ಕಳಿಸಿ. ಎಲ್ಲರೂ ಆಫೀಸಿಗೆ ಬರಲೇಬೇಕು ಅಂತಿದೆ, ನಿಮಗೋಸ್ಕರ ನಾನೇ ಜಗಳ ಆಡಿ ಒಪ್ಪಿಸಿದ್ದೀನಿ."

"ನಾ ಬರ್ತೀನ್ರಿ," ಅಂದೆ. "ಬಸ್ಸು ಇಲ್ಲೇ ಎದುರಿಗೆ ನಿಲ್ತೈತಿ."

"ಸಂಕೋಚ ಬೇಡ," ಎಂದು ನನ್ನ ಭುಜ ತಟ್ಟಿದಳು. ಅತ್ತೆಯ ಮುಖ ಅರಳಿತು. "ಖರೇ ಮಾತು ನೋಡವಾ. ನೌಕರಿನೂ ಆತು, ಮನಿನೂ ಆತು," ಎಂದರು. ಮೈದುನ ಅವಳ ಕಾರಿನವರೆಗೆ ರೊಟ್ಟಿಯ ಪ್ಯಾಕೆಟ್ ಹೊತ್ತು ಹೋದ.

ಅತ್ತೆ ತಾವೇ ಹಿಟ್ಟಿನ ಡಬ್ಬಿ ಸರಿಸಿ, ಕಿಟಕಿಯ ಹತ್ತಿರ ಸಾರಿಸಿ, ನನಗೊಂದು ಜಾಗ ಮಾಡಿಕೊಟ್ಟರು. ಕಂಪನಿ ಕಳಿಸಿದ ಲ್ಯಾಪ್‌ಟಾಪಿಗೆ ಹಿಟ್ಟು ಬೀಳಬಾರದೆಂದು ತಮ್ಮ ಹಳೆಯ ಸೀರೆ ಹರಿದು ಹೊದಿಕೆ ಮಾಡಿದರು. ಅಷ್ಟು ಅಕ್ಕರೆಯಿಂದ ಮಾಡಿದರೆ ಯಾರ ಮೇಲೆ ಸಿಟ್ಟು ಮಾಡುವುದು? ಬೆಳಿಗ್ಗೆ ರೊಟ್ಟಿ, ಮಧ್ಯಾಹ್ನದಿಂದ ಕಂಪನಿ, ಅದರ ನಡುವೆ ಅಂಗಡಿಯ ಬ್ಲಾಗು. ಈಗ ಅದರಲ್ಲಿ ಅತ್ತೆ ಸೊಸೆ ಇಬ್ಬರೂ ಮಾತಾಡಬೇಕು ಎಂದು ಮೈದುನನ ಹೊಸ ಕರಾರು. ಜನಕ್ಕೆ ಅದು ಬಹಳ ಹಿಡಿಸಿತ್ತು.

ಕಂಪನಿ ನನಗೆ ಕೊಟ್ಟ ಮೊದಲ ಬರಹದ ವಿಷಯ, ವ್ಯಾಪಾರ ಮಾಡುವವರು ಬ್ಲಾಗು ಯಾಕೆ ಬರೆಯಬೇಕು ಎಂಬುದು. ಓದುವವರಿಗೆ ನಿಮ್ಮ ಮನೆಯೊಳಗೇ ಬಂದು ಕೂತ ಹಾಗೆ ಅನ್ನಿಸಬೇಕು ಎಂದು ಬರೆದೆ. ಬರೆದು ಮುಗಿಯುವ ಹೊತ್ತಿಗೆ ಸಂಜೆಯಾಗಿತ್ತು. ಗಚ್ಚಿಬೌಲಿ ಬಸ್ಸು ಬಂದು ಆ ಹೆಣ್ಣುಮಕ್ಕಳನ್ನು ಇಳಿಸಿ ಹೋಯಿತು. ಕಾಲು ಜೋಮು ಹಿಡಿದಿತ್ತು. ಒಂದಿಷ್ಟು ಗಾಳಿಗೆ ನಿಲ್ಲೋಣವೆಂದು ಎದ್ದು, ಸೀರೆಗೆ ಹತ್ತಿದ್ದ ಹಿಟ್ಟು ಕೊಡವಿಕೊಂಡು, ಅಂಗಡಿಯ ತನಕ ಬಂದೆ.

"ಎಲ್ಲಿಗೆ ಹೊಂಟಿಯವಾ?" ಎಂದರು ಅತ್ತೆ.