ತಂಗಿ ಕೇಳಿದ ಮಣ್ಣು

ನನ್ನ ತಂಗಿ ಸುವರ್ಣಾ ನನ್ನ ಹತ್ತಿರ ಕೇಳಿದ್ದು ಒಂದೇ — ಮನೆ ಕಟ್ಟಲು ನಮ್ಮ ಹೊಲದ ಮಣ್ಣು. ನಾನು ಕೊಡಲಿಲ್ಲ. ಕೊಡುವುದಿಲ್ಲ ಎಂದು ಬಾಯಿಬಿಟ್ಟು ಹೇಳಿದ್ದರೆ ಅದು ಬರೀ ಜಿಪುಣತನ ಆಗುತ್ತಿತ್ತು, ಒಂದು ಜಗಳದಲ್ಲಿ ಮುಗಿದು ಹೋಗುತ್ತಿತ್ತು. ನಾನು ಮಾಡಿದ್ದು ಅದಕ್ಕಿಂತ ಕೀಳು ಕೆಲಸ. ಆ ಮಣ್ಣೇ ಕೆಟ್ಟದ್ದು ಎಂದು ಅವಳನ್ನು ನಂಬಿಸಿದೆ.

ಮುಂಡರಗಿಯ ಹತ್ತಿರ ನಮ್ಮ ಊರು. ಹೊಲದ ಬಹುಪಾಲು ಎರೆ, ಕಪ್ಪು ಮಣ್ಣು. ಗುಡ್ಡದ ಬದಿಗೆ ಮಾತ್ರ ಒಂದು ಪಟ್ಟಿ ಕೆಂಪು ಮಸಾರಿ. ಅಪ್ಪ ತೀರಿಕೊಂಡ ಮೇಲೆ ಸುವರ್ಣಾ ತನ್ನ ಪಾಲು ಬಿಟ್ಟುಕೊಟ್ಟು ಸಹಿ ಹಾಕಿದ್ದಳು. ನಮ್ಮ ಕಡೆ ಹೆಣ್ಣುಮಕ್ಕಳು ಸಹಿ ಹಾಕುತ್ತಾರೆ, ಅಣ್ಣಂದಿರು ಸೀರೆ ಉಡಿಸಿ ಕಳಿಸುತ್ತಾರೆ — ಅಲ್ಲಿಗೆ ಎಲ್ಲ ಮುಗಿಯಿತು. ನಾನೂ ಉಡಿಸಿದೆ, ಒಳ್ಳೆಯ ಇಳಕಲ್ ಸೀರೆ. ಅದನ್ನು ಊರೆಲ್ಲ ಹೇಳಿಕೊಂಡು ತಿರುಗಿದೆ ಕೂಡ.

ಆಮೇಲೆ ಅವಳು ಲಕ್ಷ್ಮೇಶ್ವರದಲ್ಲಿ ಜಾಗ ತೆಗೆದುಕೊಂಡಳು. ಹೊಲಿಗೆ ಕೆಲಸ ಅವಳದು. ಎಲ್ಲೋ ಒಂದು ಮಣ್ಣಿನ ಇಟ್ಟಿಗೆಯ ಮನೆ ನೋಡಿ ಬಂದವಳು, ಕಟ್ಟಿದರೆ ಅಂಥದ್ದೇ ಎಂದು ಹಟ ಹಿಡಿದಳು. ಭಟ್ಟಿಯಲ್ಲಿ ಸುಡುವ ಇಟ್ಟಿಗೆಯಲ್ಲ. ಮಣ್ಣಿಗೆ ಚೂರು ಸಿಮೆಂಟು ಬೆರೆಸಿ, ಕೈಯಂತ್ರದಲ್ಲಿ ಒತ್ತಿ, ನೀರುಣಿಸಿ ಗಟ್ಟಿ ಮಾಡುವಂಥದ್ದು. ನಾನು ಗದಗ-ಬೆಟಗೇರಿಯಲ್ಲಿ ಕಟ್ಟಡಗಳ ಮೇಲ್ವಿಚಾರಣೆ ಮಾಡಿಕೊಂಡು ಬಂದವನು, ನನಗೆ ಸಿಮೆಂಟೇ ದೇವರು. ಮೊದಲು ನಕ್ಕೆ. ಆದರೂ ತಂಗಿಯ ಮನೆ, ನಾನೇ ನಿಂತು ಕಟ್ಟಿಸುತ್ತೇನೆ ಅಂದೆ. ಆಗ ಅವಳು ಆ ಮಾತು ಕೇಳಿದಳು.

“ಅಣ್ಣಾ, ಹೊಲದಾಗ ನನಗ ಪಾಲು ಬ್ಯಾಡ. ಮಸಾರಿ ಪಟ್ಟ್ಯಾಗಿಂದು ಮಣ್ಣು ಕೊಡು, ಸಾಕು. ತವರಮನಿ ನನ್ನ ಗ್ವಾಡ್ಯಾಗ ಇರತೈತಿ.”

ಎಂಥ ಮಾತು ನೋಡಿ! ಬೇರೆ ಯಾವ ಅಣ್ಣನಾದರೂ ಕರಗಿ ನೀರಾಗುತ್ತಿದ್ದ. ನನ್ನ ತಲೆಗೆ ಮಾತ್ರ ಒಂದು ಹುಳ ಹೊಕ್ಕಿತು — ಇವತ್ತು ಮಣ್ಣು ಒಯ್ಯುವವಳು ನಾಳೆ ಹೊಲ ಕೇಳಿದರೆ? ಯಾರೂ ನನ್ನ ಕಿವಿ ಊದಲಿಲ್ಲ. ಹೆಂಡತಿಯ ಮೇಲೆ ಹಾಕೋಣ ಎಂದರೆ ಅವಳಿಗೆ ಇದರ ಗಂಧಗಾಳಿಯೂ ಇರಲಿಲ್ಲ. ಹುಳ ನನ್ನದೇ. ಅದೂ ಎಂಥ ಪಟ್ಟಿಗಾಗಿ — ಶೇಂಗಾ ಕೂಡ ನೆಟ್ಟಗೆ ಬರದ ಬರಡು ಪಟ್ಟಿ...

ಮಣ್ಣು ತಡೆಯುತ್ತದೋ ಇಲ್ಲವೋ ನೋಡಲು ಮೊದಲು ನಾಲ್ಕಾರು ಇಟ್ಟಿಗೆ ಒತ್ತಿ ಒಣಗಿಸುವುದು ಪದ್ಧತಿ. ಆ ಮಸಾರಿಗೆ ನಾನು ಪಕ್ಕದ ಎರೆ ಮಣ್ಣು ಬೆರೆಸಿದೆ. ಎರೆ ಗೊತ್ತಲ್ಲ — ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಇಟ್ಟಿಗೆಗಳು ಒಣಗುತ್ತ ಬಂದಂತೆ ಸೀಳು ಬಿಟ್ಟವು. ಅವಳನ್ನು ಕರೆದು ತೋರಿಸಿದೆ. ಒಕ್ಕಲುತನದ ಮನೆಯಲ್ಲಿ ಬೆಳೆದವಳು, ಬಣ್ಣ ಯಾಕೋ ಕಪ್ಪಾಯಿತಲ್ಲ ಅಂದಳು. ಒಣಗಿದ ಮೇಲೆ ಹಾಗೇ ಆಗುತ್ತದೆ ಅಂದೆ. ನಾಲಿಗೆ ತಡವರಿಸಲೂ ಇಲ್ಲ. ನಾನು ಹೇಳಿದ್ದೆನಲ್ಲ, ಅವಳು ನಂಬಿದಳು.

ಶಿರಹಟ್ಟಿಯ ಕಡೆ ಯಾರೋ ಕೃಷಿ ಹೊಂಡ ತೋಡಿಸುತ್ತಿದ್ದರು, ಆ ಮಣ್ಣು ತರಿಸಿ ಮನೆ ಕಟ್ಟಿಸಿದೆ. ಇದರಲ್ಲಿ ಮಾತ್ರ ಮೋಸ ಮಾಡಲಿಲ್ಲ. ಒದ್ದೆ ಗೋಣಿ ಹೊದಿಸಿ ಇಟ್ಟಿಗೆಗೆ ನೀರುಣಿಸಿದೆ, ಬೆಟಗೇರಿಯಲ್ಲಿ ಕೆಡವಿದ ಹಳೇ ಮನೆಯ ಸಾಗವಾನಿ ಬಾಗಿಲು ಹುಡುಕಿ ತಂದೆ, ಮೇಸ್ತ್ರಿಯ ಬೆನ್ನು ಬಿಡಲಿಲ್ಲ. ಬಿರುಬೇಸಿಗೆಯಲ್ಲೂ ತಣ್ಣಗಿರುವ ಚೆಂದದ ಮನೆ ಎದ್ದಿತು. ಜನ ನೋಡಲು ಬಂದರು. ಬಂದವರಿಗೆಲ್ಲ ಅವಳು ನನ್ನನ್ನು ಹೊಗಳುವುದು, ಕೊನೆಗೆ ಒಂದು ಮಾತು ಸೇರಿಸುವುದು:

“ನಮ್ಮ ಹೊಲದ ಮಣ್ಣು ಮಾತ್ರ ನನಗ ಒಲೀಲಿಲ್ರಿ. ಸಹಿ ಮಾಡಿ ಬಿಟ್ಟು ಬಂದಾಕಿ ನಾನು, ಅದಕ್ಕ ಸಿಟ್ಟು ಬಂದಿರಬೇಕು.”

ನಗುನಗುತ್ತಲೇ ಹೇಳುತ್ತಿದ್ದಳು. ಆದರೆ ನನ್ನ ತಂಗಿಯ ನಗು ನನಗೆ ಗೊತ್ತಿಲ್ಲವೇ? ಹುಟ್ಟಿದ ನೆಲವೇ ತನ್ನನ್ನು ಬೇಡವೆಂದಿತು ಎಂದು ಅವಳು ನಿಜವಾಗಿಯೂ ನಂಬಿದ್ದಳು. ನಾನು ಪಕ್ಕದಲ್ಲೇ ಕೂತು ಚಹಾ ಕುಡಿಯುತ್ತಿದ್ದೆ. ಪ್ರತಿ ಸಲವೂ ಹೇಳಿಬಿಡಬೇಕು ಅನ್ನಿಸುವುದು, ಚಹಾ ಮುಗಿಸಿ ಎದ್ದು ಬರುವುದು... ವರ್ಷಗಳು ಹಾಗೇ ಹೋದವು.

ಈಗ ಅವಳ ಹತ್ತಿರ ಹೊಲಿಗೆ ಕಲಿಯಲು ಬರುವ ಹುಡುಗಿಯರು ಹೆಚ್ಚಾಗಿದ್ದಾರೆ, ಜಾಗ ಸಾಲದು. ಇನ್ನೊಂದು ಕೋಣೆ ಕಟ್ಟಬೇಕು, ನೀನೇ ನಿಲ್ಲಬೇಕು ಎಂದು ಫೋನ್ ಮಾಡಿದಳು. ಮಣ್ಣು ಶಿರಹಟ್ಟಿ ಕಡೆಯದೇ ತರಿಸು, ನಮ್ಮದು ಹೇಗೂ ಆಗುವುದಿಲ್ಲ ಎಂದೂ ಅವಳೇ ಹೇಳಿದಳು. ಅದನ್ನು ಕೇಳಿದ ಮೇಲೆ ಇನ್ನು ತಡೆಯಲಾಗಲಿಲ್ಲ. ಮರುದಿನ ಬಸ್ಸು ಹತ್ತಿ ಹೋದೆ. ಅವಳು ಹೊಲಿಗೆ ಯಂತ್ರದ ಮುಂದೆ ಕೂತಿದ್ದಳು. ನಿಂತುಕೊಂಡೇ ಎಲ್ಲ ಹೇಳಿದೆ — ಎರೆ ಬೆರೆಸಿದ್ದು, ಯಾಕೆ ಬೆರೆಸಿದ್ದು, ಎಲ್ಲ.

ಯಂತ್ರ ತುಳಿಯುವುದು ನಿಂತಿತು. ವೈನಿಗೆ, ಅಂದರೆ ನನ್ನ ಹೆಂಡತಿಗೆ, ಇದು ಗೊತ್ತೇ ಎಂದು ಮೊದಲು ಕೇಳಿದಳು. ಇಲ್ಲ ಅಂದೆ. ಆಮೇಲೆ ಅತ್ತಳು, ಮುಖ ಮುಚ್ಚಿಕೊಳ್ಳದೆ, ನನ್ನನ್ನೇ ನೋಡುತ್ತ.

“ಇಷ್ಟ ವರ್ಷ ನಂದ ತಪ್ಪು ಅಂತ ತಿಳಕೊಂಡಿದ್ನೆಲ್ಲೋ, ಅಣ್ಣಾ.”

ನಾನು ತಲೆ ತಗ್ಗಿಸಿ, ಬೇಕಾದಷ್ಟು ಮಣ್ಣು ನಾಳೆಯೇ ಟ್ರ್ಯಾಕ್ಟರಿನಲ್ಲಿ ಕಳಿಸುತ್ತೇನೆ ಅಂದೆ. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು.

“ನೀ ಕೊಟ್ಟ ಮಣ್ಣು ನನಗ ಬ್ಯಾಡ. ಆ ಪಟ್ಟಿ ನನ್ನ ಹೆಸರಿಗೆ ಮಾಡು. ನನ್ನ ಹೊಲದಾಗಿಂದು ನಾ ತರ್ತೀನಿ.”

ಯಾವ ಮಾತಿಗೆ ಹೆದರಿ ಅಷ್ಟೆಲ್ಲ ಮಾಡಿದ್ದೆನೋ, ಅದೇ ಮಾತು. ವಿಚಿತ್ರವೆಂದರೆ, ಅದನ್ನು ಕೇಳಿದಾಗ ಹೆದರಿಕೆ ಬರಲಿಲ್ಲ. ಎದೆಯ ಮೇಲಿನ ಕಲ್ಲು ಯಾರೋ ಎತ್ತಿ ಬದಿಗಿಟ್ಟ ಹಾಗಾಯಿತು. ಆತು ಅಂದೆ. ಕೋಣೆ ಕಟ್ಟಿಸುವ ಕೆಲಸದಿಂದಲೂ ನನ್ನನ್ನು ತೆಗೆಯುತ್ತಾಳೆ ಅಂದುಕೊಂಡಿದ್ದೆ.

“ನಿಂತು ಕಟ್ಟಸಾಂವ ನೀನ. ಆದ್ರ ಮಣ್ಣು ಕಲಸೂ ಮುಂದ ನಾ ಇರ್ತೀನಿ.”

ಮನೆಗೆ ಬಂದು ಹೆಂಡತಿಗೆ ಹೇಳಿದೆ. ಪಟ್ಟಿ ಹೋಗುವುದಕ್ಕೆ ಅವಳು ಚಕಾರ ಎತ್ತಲಿಲ್ಲ. ಮಾಡಿದ ಕೆಲಸಕ್ಕೆ ಮಾತ್ರ ಇನ್ನೂ ನನ್ನೊಡನೆ ನೆಟ್ಟಗೆ ಮಾತಾಡುತ್ತಿಲ್ಲ. ಸರಿಯೇ ಇದೆ. ಮಸಾರಿ ಪಟ್ಟಿ ಈಗ ಸುವರ್ಣಾಳ ಹೆಸರಿನಲ್ಲಿದೆ. ಕ್ಷಮಿಸು ಎಂದು ನಾನು ಕೇಳಿಲ್ಲ, ಅವಳೂ ಕ್ಷಮಿಸಿದೆ ಎಂದಿಲ್ಲ. ನಾಳೆ ಬೆಳಗಿನ ಬಸ್ಸಿಗೆ ಹೊಲಕ್ಕೆ ಬರುತ್ತಾಳಂತೆ. ಗುದ್ದಲಿ, ಬುಟ್ಟಿ ಎಲ್ಲ ತಂದು ಬದುವಿನ ಮೇಲೆ ಇಟ್ಟಿದ್ದೇನೆ. ಅವಳು ಬರುವವರೆಗೂ ಆ ಮಣ್ಣು ಮುಟ್ಟುವುದಿಲ್ಲ.